ಬಾಯಿಗೆ ಮುಟ್ಟುವ ಕೈ

ಈ ಮಳೆಗಾಲದಿಂದ ನನಗೊಂದು ಚಟ ಅಂಟಿಕೊಂಡಿದೆ. ಬೆಳಗ್ಗೆ ಎಚ್ಚರವಾದ ಕೂಡಲೇ, ಕಣ್ಣು ಬಿಡುವ ಮೊದಲೇ, ಬಲಗೈ ಮಡಚಿ ಬಾಯಿ ಮುಟ್ಟಿ ನೋಡಿಕೊಳ್ಳುತ್ತೇನೆ. ಮುಟ್ಟಿತು ಅಂದರೆ ಅವತ್ತಿನ ಮಟ್ಟಿಗೆ ಬದುಕಿದೆ. ಆಮೇಲೆ ಕೈ ಚಾಚಿ ಮತ್ತೆ ಮಡಚುತ್ತೇನೆ, ಈ ಸಲ ಉಸಿರು ಬಿಗಿಹಿಡಿದು, ಒಳಗಿನಿಂದ ಸಪ್ಪಳ ಬರುತ್ತದೆಯೋ ಇಲ್ಲವೋ ಕೇಳಿಸಿಕೊಳ್ಳಲು. ಬಂದರೆ ಇನ್ನೊಮ್ಮೆ ಮಡಚುತ್ತೇನೆ. ಬರದಿದ್ದರೂ ಇನ್ನೊಮ್ಮೆ, ಯಾಕೆ ಬರಲಿಲ್ಲ ಅಂತ. ಪಕ್ಕದಲ್ಲಿ ಮಲಗಿದ ನಮ್ಮ ಮನೆಯವರು ಮಗ್ಗುಲು ಬದಲಿಸಿ, "ಸಾಕ ಮಾಡ ಮಾರಾಯ್ತಿ, ಇದ್ದದ್ದೂ ಸವದ ಹೋದೀತು" ಅನ್ನುತ್ತಾರೆ. ಸವೆಯುವ ಮಾತು ನಮ್ಮ ಮನೆಯಲ್ಲಿ ತಮಾಷೆಯಲ್ಲ.

ನನ್ನ ಬಲ ಮೊಳಕೈ ಹುಟ್ಟಿನಿಂದ ಬಂದದ್ದಲ್ಲ. ಸಂಧಿವಾತ ಒಳಗಿನ ಕೀಲನ್ನು ತಿಂದು ಹಾಕಿದ ಮೇಲೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಅದನ್ನು ತೆಗೆದು ಹೊಸದು ಕೂರಿಸಿದರು. ಬಾಗಿಲಿಗೆ ಬಿಜಾಗರಿ ಕೂರಿಸಿದ ಹಾಗೆ: ಒಂದು ಲೋಹದ ಕಡ್ಡಿ ತೋಳಿನ ಮೂಳೆಯೊಳಗೆ, ಇನ್ನೊಂದು ಮುಂಗೈ ಮೂಳೆಯೊಳಗೆ, ನಡುವೆ ತಿರುಗಲು ಪ್ಲಾಸ್ಟಿಕ್ಕಿನ ಬುಶ್. ಹದಿನಾಲ್ಕು ವರ್ಷದ ಹಿಂದಿನ ಮಾತು. ಎಡಗೈಗೆ ಏನೂ ಮಾಡಿಸಲಿಲ್ಲ. ಮೊದಲು ಬಲಗೈ ಹೆಂಗ ಬಾಳಿಕೆ ಬರುತ್ತದೆ ನೋಡೋಣ ಅಂತ ಬಿಟ್ಟೆ. ಎಡಗೈ ಅರ್ಧ ಮಡಚಿದಲ್ಲೇ ನಿಂತುಬಿಟ್ಟಿತು. ಸಂತೆಗೆ ಹೋದಾಗ ಚೀಲ ನೇತುಹಾಕಲು ಒಳ್ಳೆಯ ಗೂಟ. ಬಾಯಿ, ತಲೆಗೂದಲು, ಕಿವಿಯ ಓಲೆ, ಜಂಪರಿನ ಗುಂಡಿ, ಇವುಗಳನ್ನು ಮುಟ್ಟುವುದು ಬಲಗೈ ಒಂದೇ. ಅದು ಹೋದರೆ ನನಗೆ ಉಣಿಸಲು ಇನ್ನೊಬ್ಬರು ಬೇಕು.

ಇನ್ನೊಬ್ಬರು ಉಣಿಸುವುದು ಅಂದರೆ ಏನೆಂದು ನನಗೆ ಗೊತ್ತು. ಧಾರವಾಡದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ದಾಂಡೇಲಿಗೆ ಬಂದವಳು ನಾನು. ಮನೆಯವರು ಇಲ್ಲಿಯ ಕಾಗದದ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಮಗ ಹುಟ್ಟಿದ ಮೇಲೆ ಬೆರಳು ಬಿಗಿಯಲು ಶುರುವಾದದ್ದು ಮಣಿಕಟ್ಟಿಗೆ ಏರಿತು, ಅಲ್ಲಿಂದ ಮೊಳಕೈಗೆ. ಕೊನೆಗೊಂದು ದಿನ ಎರಡೂ ಕೈ ಬಾಯಿಗೆ ಗೇಣು ದೂರದಲ್ಲಿ ನಿಂತವು. ತುತ್ತು ಕಣ್ಣಿಗೆ ಕಾಣುತ್ತದೆ, ವಾಸನೆ ಬರುತ್ತದೆ, ಬಾಯಿಗೆ ಬರುವುದಿಲ್ಲ. ಕರುವಿನ ಹಾಗೆ ತಾಟಿಗೆ ಬಾಯಿ ಹಾಕಿಯೂ ನೋಡಿದೆ. ಆಮೇಲೆ ಇವರು ಗಿರಣಿಗೆ ಹೋಗುವ ಮುಂಚೆ ಉಣಿಸತೊಡಗಿದರು. ಎಂಥ ಉಣಿಸುವುದು! ಇಷ್ಟಿಷ್ಟು ದಪ್ಪ ತುತ್ತು, ಒಂದರ ಬೆನ್ನಿಗೆ ಒಂದು, ಕಣ್ಣು ಮಾತ್ರ ಕಿಟಕಿಯ ಹೊರಗೆ. ನಾನು ನುಂಗುವುದರೊಳಗೆ ಇನ್ನೊಂದು ತುತ್ತು ಮೂಗಿನ ಮುಂದೆ ಸಿದ್ಧ. ಸಿಟ್ಟಿನಲ್ಲೇ ಉಣ್ಣುತ್ತಿದ್ದೆ. ಒಮ್ಮೆ ಅವರ ಬೆರಳು ಕಚ್ಚಿಬಿಟ್ಟೆ. ಬೇಕಂತಲೇ ಕಚ್ಚಿದೆನೋ ಇಲ್ಲವೋ, ನನಗೇ ಗೊತ್ತಿಲ್ಲ.

ಆಪರೇಶನ್ ಆದ ಮೇಲೆ ನನ್ನ ಕೈಯಿಂದ ನಾನೇ ತಿಂದ ಮೊದಲ ತುತ್ತು ಆಸ್ಪತ್ರೆಯ ಉಪ್ಪಿಟ್ಟಿನದು. ಉಪ್ಪಿಲ್ಲ, ಖಾರವಿಲ್ಲ, ತಣ್ಣಗಾಗಿತ್ತು. ಅತ್ತುಕೊಂಡು ತಿಂದೆ. ಡಾಕ್ಟರು ಮನೆಗೆ ಕಳಿಸುವಾಗ ಕಟ್ಟುನಿಟ್ಟಾಗಿ ಹೇಳಿದ್ದರು: ಇದು ನೋವಿಲ್ಲದೆ ಬದುಕಲು ಕೊಟ್ಟ ಕೈ, ದುಡಿಯಲು ಕೊಟ್ಟದ್ದಲ್ಲ. ಒಂದು ತಂಬಿಗೆ ನೀರಿಗಿಂತ ಹೆಚ್ಚು ಭಾರ ಎತ್ತಬೇಡಿ, ಜೀವ ಇರುವವರೆಗೂ. ಕೊಡಲಿ, ಸುತ್ತಿಗೆ ಹಿಡಿಯಬೇಡಿ. ಕೊಡಲಿಯ ಮಾತಿಗೆ ನಾನೂ ಇವರೂ ಮುಖ ಮುಖ ನೋಡಿಕೊಂಡು ನಕ್ಕೆವು. ನಾನೇನು ಕಾಡಿಗೆ ಕಟ್ಟಿಗೆ ಕಡಿಯಲು ಹೋಗುವವಳೇ?

ಡಾಕ್ಟರು ಹೇಳಿದ್ದನ್ನು ನಾನು ಅಕ್ಷರಕ್ಕೆ ಅಕ್ಷರ ಪಾಲಿಸಿದೆ. ನೀರಿನ ಕೊಡ ಮುಟ್ಟಲಿಲ್ಲ. ಗ್ಯಾಸಿನ ಸಿಲಿಂಡರ್ ಕಡೆ ನೋಡಲಿಲ್ಲ. ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ, ಕೂತು ತೊಡೆಯ ಮೇಲೆ ಹಾಕಿಸಿಕೊಂಡೆ. ಆದರೆ ಮನೆಗೆ ಬಂದ ಆರೇಳು ತಿಂಗಳಿಗೆ ರೊಟ್ಟಿ ಬಡಿಯಲು ನಿಂತೆ. ಬೆರಳು ಸೊಟ್ಟಗಾಗಿದ್ದರೂ ಗುಳಿಗೆಗಳಿಂದ ರೋಗ ಹದ್ದುಬಸ್ತಿಗೆ ಬಂದಿತ್ತು, ರೊಟ್ಟಿಗೆ ಬೇಕಾದದ್ದು ಅಂಗೈ. ಜೋಳದ ಹಿಟ್ಟಿನ ಒಂದು ಉಂಡೆಗೆ ಎಷ್ಟು ಭಾರ? ತಂಬಿಗೆ ನೀರಿನ ಮುಂದೆ ಅದು ಯಾವ ಲೆಕ್ಕ? ಎಡಗೈ ರೊಟ್ಟಿ ತಿರುಗಿಸುವುದು, ಬಲಗೈ ತಟ್‌ತಟ್ ಅಂತ ಬಡಿಯುವುದು. ಎರಡು ಹೊತ್ತು, ದಿನವೂ. ನಮ್ಮ ಓಣಿಯಲ್ಲಿ ಸಂಜೆಯಾದರೆ ಎಲ್ಲ ಮನೆಯಿಂದಲೂ ಅದೇ ಸಪ್ಪಳ. ಅದರಲ್ಲಿ ನನ್ನದೂ ಸೇರಿದಾಗ ನಾನು ಮತ್ತೆ ಮನುಷ್ಯಳಾದೆ ಅನ್ನಿಸಿತ್ತು.

ಇದಲ್ಲದೆ ಮದುವೆಯ ರೊಟ್ಟಿ. ನಮ್ಮವರಲ್ಲಿ ಯಾರ ಮನೆಯಲ್ಲಿ ಲಗ್ನವಾದರೂ ಕಡಕ್ ರೊಟ್ಟಿ ಮೊದಲೇ ಬಡಿದು ಒಣಗಿಸಿ ಪೇರಿಸಿಡಬೇಕು. ಓಣಿಯಿಂದ, ಬಳಗದಿಂದ ಮನೆಗೊಬ್ಬ ಹೆಂಗಸು ರೊಟ್ಟಿ ಬಡಿಯುವ ತನ್ನ ಹಲಗೆ ತಾನೇ ತೆಗೆದುಕೊಂಡು ಹೋಗುತ್ತಾಳೆ. ಹೋಗದವರ ಮನೆಗೆ ನಾಳೆ ಯಾರೂ ಬರುವುದಿಲ್ಲ. ನಾನು ಒಂದನ್ನೂ ತಪ್ಪಿಸಿದವಳಲ್ಲ.

ವರ್ಷಕ್ಕೊಮ್ಮೆ ತಪಾಸಣೆಗೆ ಹೋದಾಗ ಡಾಕ್ಟರು ಭಾರ ಎತ್ತುತ್ತೀರಾ ಅಂತ ಕೇಳುತ್ತಿದ್ದರು. ಇಲ್ಲ ಅನ್ನುತ್ತಿದ್ದೆ. ಅಡಿಗೆ ನೀವೇ ಮಾಡುತ್ತೀರಾ? ಹೌದು. ಒಳ್ಳೆಯದು, ಕೈ ಆಡುತ್ತಾ ಇರಲಿ. ಅವರು ದಕ್ಷಿಣದ ಕಡೆಯವರು, ಅನ್ನ ಉಣ್ಣುವವರು. ಅಡಿಗೆ ಅಂದರೆ ಅವರ ಕಣ್ಣ ಮುಂದೆ ಕುಕ್ಕರ್ ಬಂತು, ನನ್ನ ಕಣ್ಣ ಮುಂದೆ ಹಂಚು. ಅಷ್ಟು ವರ್ಷ ಹಾಗೇ ನಡೆಯಿತು.

ಸಪ್ಪಳ ಮೊದಲು ಕೇಳಿದ್ದು ಇವರಿಗೆ. ಜಡಿಮಳೆ, ಕರೆಂಟ್ ಹೋಗಿತ್ತು, ಟೀವಿ ಸುಮ್ಮನಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಇವರು ಬಾಗಿಲಲ್ಲಿ ಬಂದು ನಿಂತರು.

"ಏನದು ಸಪ್ಪಳ?"

"ರೊಟ್ಟಿ ಬಡಿಯೂ ಸಪ್ಪಳ. ಲಗ್ನ ಆದಾಗಿಂದ ಕೇಳೀರಿ, ಇವತ್ತ ಹೊಸದೇನ್ರಿ?"

"ಅಲ್ಲ, ಅದರೊಳಗ ಇನ್ನೊಂದೈತಿ. ಟಕ್ ಅಂತೈತಿ ನೋಡು. ಬುಶ್ ಸವದಾಗ ಮಷಿನ್ ಹಿಂಗ ಅಂತಾವು."

ಹತ್ತಿರ ಬಂದು ನನ್ನ ಮೊಳಕೈಗೆ ಕಿವಿ ಹಚ್ಚಿದರು. ಗಿರಣಿಯಿಂದ ನಿವೃತ್ತಿಯಾಗಿ ಇಷ್ಟು ದಿನವಾದರೂ ಸಪ್ಪಳ ಕೇಳುವ ಚಟ ಹೋಗಿಲ್ಲ. "ಎಣ್ಣಿ ಬಿಟ್ಟ ನೋಡೂಣೇನು?" ಅಂದರು. ಹಿಟ್ಟು ಮೆತ್ತಿದ ಕೈ ಎತ್ತಿದೆ, ಓಡಿಹೋದರು. ಆದರೆ ಅವರು ಹೋದ ಮೇಲೆ ನಾನೂ ಕೇಳಿದೆ. ಕೇಳಿದ ಮೇಲೆ ಕೇಳದೆ ಇರಲು ಆಗಲಿಲ್ಲ.

ಹುಬ್ಬಳ್ಳಿಗೆ ಹೋದೆವು. ಅದೇ ಡಾಕ್ಟರು, ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಮುಂಗೈ ಮೂಳೆಯೊಳಗಿನ ಕಡ್ಡಿಯ ಸುತ್ತ ಒಂದು ಕಪ್ಪು ಗೆರೆ. ಗೋಡೆಗೆ ಹೊಡೆದ ಮೊಳೆ ಅಲುಗಾಡಿ ಅಲುಗಾಡಿ ತೂತು ದೊಡ್ಡದಾಗುತ್ತದಲ್ಲ, ಹಾಗೆ.

"ಭಾರ ಎತ್ತಿದ್ರಾ ಅಮ್ಮ?"

"ಇಲ್ರೀ ಸಾಹೇಬ್ರ. ತಂಬಿಗಿಗಿಂತ ಹೆಚ್ಚ ಎತ್ತಿಲ್ಲ, ದೇವರಾಣಿ."

"ಬಿದ್ದಿದ್ರಾ?"

"ಇಲ್ರೀ."

"ಮತ್ತೆ ಈ ಕೈಯಲ್ಲಿ ಏನೇನು ಕೆಲಸ ಮಾಡ್ತೀರಿ, ಸರಿಯಾಗಿ ಹೇಳಿ."

"ಏನ್ ಮಾಡ್ತೇನ್ರಿ, ಮನಿಕೆಲಸ. ಕಾಯಿಪಲ್ಲೆ ಹೆಚ್ಚತೇನಿ, ರೊಟ್ಟಿ ಬಡಿತೇನಿ, ಕಸ ಹೊಡಿತೇನಿ."

ಅವರು ತಲೆಯೆತ್ತಿದರು. "ರೊಟ್ಟಿ ಹೇಗೆ ಮಾಡ್ತೀರಿ? ತೋರಿಸಿ."

ನಾನು ಅವರ ಮೇಜಿನ ಮೇಲೆ ತೋರಿಸಿದೆ. ಹಿಟ್ಟಿಲ್ಲದ ರೊಟ್ಟಿ, ಆದರೂ ಕೈಗೆ ಅಭ್ಯಾಸವಲ್ಲವೇ, ಜೋರಾಗಿಯೇ ಬಡಿದೆ. ಪೆನ್ನುಗಳು ಕುಣಿದವು. ನರ್ಸ್ ಪರದೆ ಸರಿಸಿ ಇಣುಕಿದಳು. ಡಾಕ್ಟರು ತಮ್ಮದೇ ಕೈಗೆ ಪೆಟ್ಟು ಬಿದ್ದವರ ಹಾಗೆ ಮುಖ ಮಾಡಿದರು.

"ಅಮ್ಮ, ಸುತ್ತಿಗೆ ಹಿಡೀಬೇಡಿ ಅಂದದ್ದು ಇದಕ್ಕೇ."

"ಇದು ಸುತ್ತಿಗಿ ಅಲ್ಲಲ್ರಿ, ಕೈ."

ನಗು ಬಂತು ಅವರಿಗೆ, ಅರ್ಧಕ್ಕೇ ನಿಂತಿತು. "ತಪ್ಪು ನನ್ನದೂ ಇದೆ. ಇಷ್ಟು ವರ್ಷ ಈ ಊರಲ್ಲಿದ್ದು ರೊಟ್ಟಿ ತಿಂದಿದ್ದೇನೆ, ಮಾಡೋದನ್ನ ಒಂದು ದಿನ ನಿಂತು ನೋಡಿಲ್ಲ," ಅಂದರು. ರೊಟ್ಟಿಯೊಂದೇ ಕಾರಣ ಅಂತ ಹೇಳಲಾಗುವುದಿಲ್ಲ, ಸಂಧಿವಾತದವರ ಮೂಳೆ ಮೊದಲೇ ಮೆತ್ತಗೆ, ಇಷ್ಟು ವರ್ಷಕ್ಕೆ ಕೆಲವರ ಕೀಲು ಹೇಗೂ ಸಡಿಲಾಗುತ್ತದೆ, ಕೆಲವರದು ಇನ್ನೂ ಬಾಳುತ್ತದೆ ಅಂತಲೂ ಹೇಳಿದರು. ಸಮಾಧಾನ ಮಾಡಲು ಹೇಳಿದರೋ, ನಿಜವೇ ಹೇಳಿದರೋ.

ಆಮೇಲೆ ಬಂತು ನನ್ನ ನಿದ್ದೆ ಕೆಡಿಸಿದ ಮಾತು. ಈಗಲೇ ಹಳೆಯದನ್ನು ತೆಗೆದು ಹೊಸದು ಹಾಕಿದರೆ ಹಿಡಿದುಕೊಳ್ಳಲು ಮೂಳೆ ಇದೆ. ತಡ ಮಾಡಿದರೆ ಮೂಳೆ ತೆಳ್ಳಗಾಗಿ ಒಂದು ದಿನ ಮುರಿದೀತು. ಆಗ ಮಾಡುವುದು ಬಹಳ ಕಷ್ಟ. ಹಾಗಂತ ಎರಡನೆಯ ಆಪರೇಶನ್ ಮೊದಲಿನಷ್ಟು ಸಲೀಸಲ್ಲ. ಕೀವಾಗಬಹುದು, ಕಿರುಬೆರಳಿನ ನರಕ್ಕೆ ಪೆಟ್ಟಾಗಬಹುದು, ಕೈಯನ್ನು ತುಂಬಾ ದಿನ ಕಟ್ಟಿಡಬೇಕು.

"ನೋವಿದೆಯಾ ಈಗ?"

"ಅಷ್ಟೇನಿಲ್ರಿ."

"ಅದೇ ಕಷ್ಟ ನೋಡಿ. ನೋವಿದ್ದಿದ್ರೆ ನೀವೇ ಮಾಡಿ ಅಂತಿದ್ರಿ. ಯೋಚನೆ ಮಾಡಿ. ದೀಪಾವಳಿ ಮುಗಿಸಿ ಬಂದು ಹೇಳಿ. ರೊಟ್ಟಿ ಮಾತ್ರ ಇವತ್ತಿನಿಂದ ಬಂದ್."

ಧಾರವಾಡ ದಾಟಿ ಹಳಿಯಾಳದವರೆಗೂ ನಾನು ಬಾಯಿ ಬಿಡಲಿಲ್ಲ. ಹಳಿಯಾಳದ ಸ್ಟ್ಯಾಂಡಿನಲ್ಲಿ ಇವರು ಚಹಾ ತಂದುಕೊಟ್ಟರು, ಕುಡಿದೆ. ಬಸ್ಸು ಹೊರಟ ಮೇಲೆ ತಡೆಯಲಿಲ್ಲ.

"ನಾ ಏನೂ ಮಾಡಿಸೂದಿಲ್ಲ. ಇನ್ನೊಮ್ಮೆ ನಿಮ್ಮ ಕೈಯಾಗ ಉಣ್ಣಾಕ ನನ್ನ ಕಡೆ ಆಗೂದಿಲ್ಲ. ಗಿರಣಿ ಭೋಂಗಾ ಕೂಗೂದ್ರಾಗ ಮುಗಸಬೇಕಂತ ಚೀಲಕ್ಕ ತುರುಕಿದಂಗ ತುರುಕತಿದ್ರಿ."

ಇವರು ಎದುರಿನ ಸೀಟಿನ ಕಂಬಿ ಹಿಡಿದು ಕೂತಿದ್ದರು.

"ಭೋಂಗಾದ ಸಲುವಾಗಿ ಅಲ್ಲ ಅದು," ಅಂದರು. "ನೀ ಬಾಯಿ ತಗದು ಕಾಯ್ಕೋಂತ ಕುಂದರತಿದ್ದಿ. ಅದನ್ನ ನೋಡಾಕ ಆಗತಿರಲಿಲ್ಲ ನನಗ. ಲಗೂ ಮುಗೀಲಿ ಅಂತ..."

ಕಂಡಕ್ಟರ್ ಬಂದ, ಮಾತು ಅಲ್ಲಿಗೇ ನಿಂತಿತು. ಇಷ್ಟು ವರ್ಷ ಸಾಕಿ ಸಲಹಿದ ಸಿಟ್ಟು ಅದು. ಒಂದೇ ಮಾತಿಗೆ ಅದಕ್ಕೆ ನೆಲೆಯೇ ಇಲ್ಲದಂತಾಯಿತು. ಆದರೆ ಅದರಿಂದ ಒಳ್ಳೆಯದೇನೂ ಆಗಲಿಲ್ಲ, ಚಡಪಡಿಕೆ ಎರಡು ಪಟ್ಟಾಯಿತು. ಮೊದಲು ನನ್ನ ಸಲುವಾಗಿ ಆಪರೇಶನ್ ಬೇಡವಾಗಿತ್ತು. ಈಗ ಇವರ ಸಲುವಾಗಿಯೂ ಬೇಡವಾಯಿತು. ಆಗ ಗಟ್ಟಿಮುಟ್ಟಾಗಿದ್ದ ಮನುಷ್ಯನಿಗೇ ಆಗದ್ದು ಈಗ ಹೆಂಗಾದೀತು?

ಮನೆಯಲ್ಲಿ ರೊಟ್ಟಿ ಸೊಸೆಯ ಪಾಲಿಗೆ ಹೋಯಿತು. ಅವಳು ಜೋಯಿಡಾದ ಕಡೆಯವಳು. ಮಗ ಕೆಲಸ ಮಾಡುವುದು ಅಂಬಿಕಾನಗರದಲ್ಲಿ, ಅಲ್ಲಿ ಓಡಾಡುವಾಗಲೇ ನೋಡಿ ಮೆಚ್ಚಿ ಮಾಡಿಕೊಂಡದ್ದು. ಮನೆಮಾತು ಕೊಂಕಣಿ, ಕನ್ನಡ ಶಾಲೆಯಲ್ಲಿ ಕಲಿತದ್ದು, ಊಟ ಅನ್ನ. ಅಕ್ಕಿಯ ಭಾಕರಿಯನ್ನೇನೋ ಚೆನ್ನಾಗಿ ಮಾಡುತ್ತಾಳೆ, ಆದರೆ ಜೋಳದ ಹಿಟ್ಟು ಅವಳ ಮಾತು ಕೇಳುವುದಿಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದ ಅಂಚು. "ಇದೇನವ್ವಾ, ರೊಟ್ಟಿಯೋ ಕರ್ನಾಟಕದ ನಕಾಶಿಯೋ?" ಅಂತ ಅವಳು ಬಂದ ದಿನದಿಂದ ನಾನು ಕಾಡುತ್ತಿದ್ದೆ. ಅವಳಿಗೆ ಬೇಸರವೇ ಇಲ್ಲ. "ಹೊಟ್ಟೆಗೆ ಹೋದ ಮೇಲೆ ಯಾರು ನೋಡ್ತಾರೆ ಅತ್ತೆ" ಅನ್ನುತ್ತಾಳೆ.

ಈಗ ಅವಳು ಬಡಿಯುವಾಗ ನನಗೆ ಅಡಿಗೆಮನೆಯಲ್ಲಿ ನಿಲ್ಲಲಾಗುವುದಿಲ್ಲ, ಹೊರಗೆ ಕೂರಲೂ ಆಗುವುದಿಲ್ಲ. ಹಿತ್ತಲಿಗೆ ಹೋಗುತ್ತೇನೆ, ಬರುತ್ತೇನೆ. ಆರಿಸಿದ ಬೇಳೆಯನ್ನೇ ಮತ್ತೆ ಆರಿಸುತ್ತೇನೆ. ಅಂಗೈ ಜುಮುಜುಮು ಅನ್ನುತ್ತದೆ, ಗೊತ್ತಿಲ್ಲದಂತೆ ತೊಡೆಯ ಮೇಲೆ ಬಡಿಯಲು ಹತ್ತುತ್ತದೆ. ಮಗ ನನ್ನ ಒದ್ದಾಟ ನೋಡಲಾರದೆ ಹಳಿಯಾಳದ ಸಂತೆಯಿಂದ ಕಟ್ಟುಗಟ್ಟಲೆ ಕಡಕ್ ರೊಟ್ಟಿ ತಂದ. ಇವರು ಒಂದನ್ನು ಮುರಿದು, ಬೆಳಕಿಗೆ ಹಿಡಿದು ನೋಡಿ, "ಇದು ನಮ್ಮ ಗಿರಣ್ಯಾಗ ಮಾಡಿದ್ದ ಕಾಣತೈತಿ" ಅಂದರು. ಎಲ್ಲರೂ ನಕ್ಕರು. ನಾನು ಎದ್ದು ಹೋಗಿ ಕನ್ನಡಿಯ ಮುಂದೆ ಕೈ ಮಡಚಿ ನೋಡಿದೆ.

ದೀಪಾವಳಿ ಬಂತು, ಹೋಯಿತು. ನಾಳೆ ಹೋಗೋಣ, ಹುಣ್ಣಿಮೆ ಆಗಲಿ, ಬಿಸಿಲು ಬೀಳಲಿ ಅಂತ ಮುಂದೂಡುತ್ತಿದ್ದೆ. ಅಷ್ಟರಲ್ಲಿ ಹಳಿಯಾಳ ತಾಲೂಕಿನ ಸಾಂಬ್ರಾಣಿ ಅನ್ನುವ ಹಳ್ಳಿಯಿಂದ ನಾದಿನಿ ಫೋನ್ ಮಾಡಿದಳು. ಅವಳ ಮಗನ ಲಗ್ನ.

"ವೈನಿ, ಆಯಿತವಾರ ರೊಟ್ಟಿ ಬಡಿಯೂದೈತಿ. ನಿಮ್ಮ ಹಲಗಿ ತಗೊಂಡ ಬರ್ರಿ."

ಗಂಡನ ತಂಗಿಯ ಮನೆ. ಮನೆಗೊಬ್ಬ ಹೆಂಗಸು ಹೋಗಲೇಬೇಕು. ನನ್ನ ಹಲಗೆಯನ್ನು ಸೊಸೆಯ ಕಂಕುಳಿಗೆ ಕೊಟ್ಟು ಅವಳ ಹಿಂದೆ ನಾನು ಹೋದೆ. ಅಂಗಳದಲ್ಲಿ ಸಾಲಾಗಿ ಒಲೆ ಹೂಡಿದ್ದರು. ಹೆಂಗಸರ ಕೈ ಒಂದೇ ಸಮ ಬೀಳುತ್ತಿತ್ತು, ಹರಟೆ ಅದರ ಮೇಲೆ ತೇಲುತ್ತಿತ್ತು. ನಾನು ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡು ಗೋಡೆಗೆ ಒರಗಿ ಕೂತೆ. ಸೊಸೆಯ ಮೊದಲ ರೊಟ್ಟಿ ಹಂಚಿಗೆ ಬಿದ್ದದ್ದೇ ತಡ, ಬಳಗದ ಒಬ್ಬ ಮುದುಕಿ ಬಾಯಿ ತೆರೆದಳು.

"ಜೋಯಿಡಾದ ಕಾಡಿನ ದಾರಿ ಇದ್ದಂಗ ಐತಲ್ಲವಾ ಇದು. ಯಾ ಕಡೆ ಹೋಗತೈತೋ!"

ಎಲ್ಲರೂ ಘೊಳ್ಳೆಂದು ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು.

"ನಮ್ಮ ಸೊಸಿ ರೊಟ್ಟಿಗೆ ಹೆಸರಿಡಬ್ಯಾಡ್ರಿ. ಅನ್ನಾ ಉಣ್ಣೂ ಊರಾಕಿ ಬಂದು ನಿಮ್ಮ ಜೋಳ ಬಡ್ಯಾಕತ್ತಾಳ. ನೀವೊಂದ ದಿನ ಅಕಿ ಊರಾಗ ಭಾಕರಿ ಮಾಡಿ ತೋರಸ್ರಿ, ನೋಡೂಣು."

ಸೊಸೆ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಅಷ್ಟು ವರ್ಷ ನಕಾಶಿ ಅಂದವಳು ಇವಳೇನಾ ಅನ್ನುವ ಹಾಗೆ. ನಾನು ಮುಖ ಗಂಟುಹಾಕಿಕೊಂಡು ಬೇರೆ ಕಡೆ ನೋಡಿದೆ.

ಮಧ್ಯಾಹ್ನ ಪಂಕ್ತಿ ಕೂತೆವು. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಮನೆಯಲ್ಲಿ ನಾನು ಉಣ್ಣುವುದು ಟೇಬಲ್ಲಿನ ಮೇಲೆ. ಅಲ್ಲಿ ತಾಟು ನೆಲದ ಮೇಲೆ. ನಾಲ್ಕು ತುತ್ತು ಸರಿಯಾಗಿ ಹೋಯಿತು. ಐದನೆಯದಕ್ಕೆ ಅರ್ಧ ದಾರಿಯಲ್ಲಿ ಟಕ್ ಅಂತು, ಕೈ ಅಲ್ಲೇ ಸಿಕ್ಕಿಕೊಂಡಿತು. ತುತ್ತು ಉಡಿಯಲ್ಲಿ ಬಿತ್ತು. ಮತ್ತೆ ಎತ್ತಿದೆ. ಗೇಣು ದೂರದಲ್ಲಿ ನಿಂತಿತು. ಅದೇ ಗೇಣು.

"ಅಯ್ಯ ವೈನಿ!" ಅನ್ನುತ್ತ ನಾದಿನಿ ಓಡಿ ಬಂದು, ತುತ್ತು ಕಟ್ಟಿ ನನ್ನ ಬಾಯಿಯ ಹತ್ತಿರ ಹಿಡಿದಳು. ಅವಳ ಕಣ್ಣು ಆಗಲೇ ತುಂಬಿದ್ದವು. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ನಾನು ನೋಡಿದ ಕೂಡಲೇ ಎಲ್ಲರ ಕಣ್ಣೂ ತಾಟಿನ ಮೇಲೆ. ನಾನು ಹಲ್ಲು ಕಚ್ಚಿ ಬಾಯಿ ಮುಚ್ಚಿದೆ. "ಬ್ಯಾಡ," ಅಂದೆ. ಒಳ್ಳೆಯ ಮನಸ್ಸಿನಿಂದ ಚಾಚಿದ ಕೈ ಅದು, ಆದರೂ ತಳ್ಳಿದೆ.

ಎದುರಿನ ಪಂಕ್ತಿಯಿಂದ ಸೊಸೆ ಎದ್ದಳು. ಹಿಟ್ಟು ನಾದುವ ದೊಡ್ಡ ಪರಾತ ತಂದಳು, ನನ್ನ ಮುಂದೆ ಬೋರಲು ಹಾಕಿದಳು. ಅದರ ಮೇಲೆ ಇನ್ನೊಂದು ಪಾತ್ರೆ ಬೋರಲು, ಅದರ ಮೇಲೆ ನನ್ನ ತಾಟು. ತಾಟು ಎದೆಯ ಹತ್ತಿರ ಬಂತು. ಅವಳು ಹೋಗಿ ತನ್ನ ಜಾಗದಲ್ಲಿ ಕೂತು, "ಚಟ್ನಿ ಈ ಕಡೆ ಕೊಡಿ" ಅಂತ ಕೇಳಿ ಹಾಕಿಸಿಕೊಂಡಳು. ಕೈಗೆ ಈಗ ಸ್ವಲ್ಪವೇ ದಾರಿ. ತಲೆ ಸ್ವಲ್ಪ ಬಗ್ಗಿಸಿದೆ, ತುತ್ತು ಮುಟ್ಟಿತು. ಮೊಸರಿನವರೆಗೂ ಉಂಡು ಎದ್ದೆ.

ಆ ಕೈ ಸಂಜೆಯ ಹೊತ್ತಿಗೆ ಮತ್ತೆ ಸಡಿಲಾಗಿ ಸರಿಹೋಯಿತು. ಆದರೆ ನನಗೆ ಗೊತ್ತಾಗಿತ್ತು, ಇನ್ನು ಹುಣ್ಣಿಮೆ ಅಮಾಸೆ ಅಂತ ಮುಂದೂಡಿದರೆ ಅದು ಸರಿಹೋಗದ ದಿನವೂ ಬರುತ್ತದೆ. ಹಳಿಯಾಳದಲ್ಲಿ ಬಸ್ಸು ಬದಲಿಸಿದೆವು. ಕಬ್ಬಿನ ಟ್ರಾಕ್ಟರುಗಳ ಸಾಲು, ಬಸ್ಸು ತೆವಳುತ್ತಿತ್ತು. ಸೊಸೆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದಳು. ಎಬ್ಬಿಸಿದೆ.

"ಡಾಕ್ಟರ್ ಹೇಳಿದ್ದ ಮಾ‍ಡಿಸೇ ಬಿಡ್ತೇನಿ. ಭಾಳ ದಿನಾ ಕೈ ಕಟ್ಟಿಡ್ತಾರ. ಪರಾತ ಬೋರಲ ಹಾಕಿದ್ರೂ ಆಗೂದಿಲ್ಲ ಆವಾಗ."

"ಗೊತ್ತುಂಟು."

"ನೀನ ಉಣಸಬೇಕು. ನಿಮ್ಮ ಮಾವನ ಕಡೆ ಆಗೂದಿಲ್ಲ."

ಅವಳು ಸ್ವಲ್ಪ ಯೋಚಿಸಿದಳು. ಇಷ್ಟು ದಿನ ಆಡಿಕೊಂಡ ಸೊಸೆಯ ಹತ್ತಿರ ಬಾಯಿಬಿಟ್ಟು ಕೇಳುವುದು ಸಣ್ಣ ಮಾತಲ್ಲ.

"ಉಣಿಸ್ತೇನೆ ಅತ್ತೆ. ಆದರೆ ಒಂದು ಮಾತು ಈಗಲೇ ಹೇಳಿಬಿಡ್ತೇನೆ. ನೀವು ಅಷ್ಟು ಜೋರು ಇದ್ದವರು ಬಾಯಿ ತೆರೆದುಕೊಂಡು ಕೂತ್ರೆ ನನಗೆ ನಗು ಬರ್ತದೆ. ತಡೀಲಿಕ್ಕೆ ಆಗುವುದಿಲ್ಲ. ಆಮೇಲೆ ಸಿಟ್ಟು ಮಾಡಬಾರದು."

ನನ್ನ ಬಾಯಿ ನೋಡಿ ಅತ್ತವರಿದ್ದರು, ಮರುಗಿದವರಿದ್ದರು, ಕಿಟಕಿಯ ಹೊರಗೆ ನೋಡಿದವರಿದ್ದರು. ನಗುತ್ತೇನೆ ಅಂತ ಮೊದಲೇ ಹೇಳಿದವರು ಒಬ್ಬರೂ ಇರಲಿಲ್ಲ.

"ನಗು," ಅಂದೆ. "ಆದರ ನಾ ನುಂಗೂ ತನಕ ತಡಿ. ಇಲ್ಲಂದ್ರ ನನಗೂ ನಗಿ ಬಂದು ನೆತ್ತಿಗೇರತೈತಿ."

ಅದನ್ನು ನೆನೆದೇ ಅವಳು ಅಲ್ಲೇ ನಗಲು ಶುರು ಮಾಡಿದಳು. ಹಲಗೆ ತೊಡೆಯ ಮೇಲೆ ಕುಣಿಯತೊಡಗಿತು. ನಾನೂ ನಕ್ಕೆ, ನಗುತ್ತಲೇ ಕಣ್ಣೀರು ಸುರಿಯತೊಡಗಿತು, ನಿಲ್ಲಿಸಲು ಆಗಲಿಲ್ಲ. ಅವಳು ನೋಡಿದಳು. ಮುಖ ತಿರುಗಿಸಲಿಲ್ಲ.